ಕಡಿಮೆ ಬಜೆಟ್‌ನಲ್ಲಿ ಬೋಲ್ಟ್ ಆ್ಯಕ್ಷನ್ ರೈಫಲ್ ಮತ್ತು ಸ್ಕೋಪ್: ಉತ್ತರ ಕನ್ನಡದವರು ಕೊಳ್ಳುವ ಮುಂಚೆ ನೋಡಬೇಕಾದ್ದು

ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರಿಂದ ಒಂದೇ ಪ್ರಶ್ನೆ ಬರುತ್ತಲೇ ಇರುತ್ತದೆ. "ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇದೆ. ಅದನ್ನ ಬಿಟ್ಟು ಒಂದು ಬೋಲ್ಟ್ ಆ್ಯಕ್ಷನ್ ರೈಫಲ್ ತಗೊಳ್ಳೋಣ ಅಂತಿದ್ದೆ. ಯಾವುದು ಒಳ್ಳೇದು? ಸ್ಕೋಪ್ ಎಷ್ಟರದ್ದು ಹಾಕಿಸಲಿ? ದುಡ್ಡು ಜಾಸ್ತಿ ಇಲ್ಲ." ಕಾರವಾರ, ಅಂಕೋಲಾ ಕಡೆಯಿಂದ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ: "ಸಮುದ್ರದ ಗಾಳಿಗೆ ತುಕ್ಕು ಹಿಡೀತದಲ್ಲ, ಏನು ಮಾಡೋದು?" ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕಮ್ಮಿ ಇದ್ದಾಗ ಅದು ಹೋಗಬೇಕಾದ್ದು ಒಳ್ಳೆಯ ನಳಿಗೆಗೆ, ಸ್ಕೋಪನ್ನು ಹಿಡಿದಿಡುವ ಗಟ್ಟಿ ಮೌಂಟಿಗೆ, ಗುರಿ ಅಭ್ಯಾಸದ ತೋಟಾಗಳಿಗೆ. ಸ್ಕೋಪಿನ ಮೇಲೆ ಬರೆದ ದೊಡ್ಡ ದೊಡ್ಡ ನಂಬರಿಗೆ ಅಲ್ಲ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡಿ ದುಡ್ಡು ಕಳೆದುಕೊಳ್ಳುತ್ತಾರೆ.

ಮುಂದೆ ಹೋಗುವ ಮೊದಲು ಕೆಲವು ಪದ ತಿಳಿದುಕೊಳ್ಳಿ. ಬೋಲ್ಟ್ ಆ್ಯಕ್ಷನ್ ಅಂದರೆ ಒಂದೊಂದು ಗುಂಡು ಹಾರಿಸಿದ ಮೇಲೂ ಕೈಯಿಂದ ಬೋಲ್ಟನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಕೆಳಗೆ ಮಡಚುವ ರೈಫಲ್. ಬಿಡಿಭಾಗ ಕಮ್ಮಿ, ಕೆಡುವುದೂ ಕಮ್ಮಿ. ರೈಫಲ್ ಅಂದರೆ ನಳಿಗೆಯ ಒಳಗೆ ಸುರುಳಿ ಗೆರೆಗಳಿರುವ ಕೋವಿ. ಆ ಗೆರೆ ಗುಂಡನ್ನು ತಿರುಗಿಸಿ ನೇರ ಕಳಿಸುತ್ತದೆ. ಸ್ಕೋಪ್ ಅಂದರೆ ಗುರಿಯನ್ನು ದೊಡ್ಡದಾಗಿ ತೋರಿಸಲು ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು. ಕೇಪಿನ ಕೋವಿ ಅಂದರೆ ನಳಿಗೆಯ ಮುಂದಿನಿಂದ ಮದ್ದು ತುಂಬುವ ಹಳೆಯ ಕೋವಿ. ಕೇಪಿನ ಕೋವಿ, 12 ಬೋರಿನ ಒಂಟಿ ನಳಿಗೆ, ಜೋಡು ನಳಿಗೆಗಳ ಒಳಗೆ ಈ ಗೆರೆ ಇರುವುದಿಲ್ಲ, ನುಣುಪಾಗಿರುತ್ತದೆ. ಕಾನೂನು ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಅದಕ್ಕೇ ಮೊದಲ ಹಂತ ಅಂಗಡಿಯಲ್ಲಿ ಶುರುವಾಗುವುದಿಲ್ಲ.

1. ಕೈಯಲ್ಲಿರುವ ಲೈಸೆನ್ಸನ್ನು ಪೂರ್ತಿ ಓದಿ

"ಲೈಸೆನ್ಸ್ ಇದೆ" ಅನ್ನುವವರಲ್ಲಿ ಹೆಚ್ಚಿನವರ ಹತ್ತಿರ ಇರುವುದು ಬೆಳೆ ರಕ್ಷಣೆಯ ಲೈಸೆನ್ಸ್. 1959ರ ಶಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಹೇಳುವುದು ಮುಂದಿನಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬಂದೂಕು ಕೊಡಬಹುದು. ಅದೇ ಕಲಮು ಶೂಟಿಂಗ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕೆ .22 ರೈಫಲ್ಲನ್ನು ಹೇಳುತ್ತದೆ (.22, .315 ಅನ್ನುವುದು ಇಂಚಿನಲ್ಲಿ ನಳಿಗೆಯ ಒಳ ಅಳತೆ). ಅದಕ್ಕಿಂತ ದೊಡ್ಡ ರೈಫಲ್ ಬೇಕಾದರೆ ಸರಿಯಾದ ಕಾರಣ ತೋರಿಸಬೇಕು. ಆ ಕಾರಣ ಒಪ್ಪುವುದು, ಬಿಡುವುದು ಲೈಸೆನ್ಸ್ ಕೊಡುವ ಅಧಿಕಾರಿಗೆ ಬಿಟ್ಟಿದ್ದು.

ಅಂದರೆ ಕೇಪಿನ ಕೋವಿಯ ಲೈಸೆನ್ಸ್ ಹಿಡಿದುಕೊಂಡು ಹೋಗಿ .315 ರೈಫಲ್ ತರಲು ಆಗುವುದಿಲ್ಲ. ಯಾವ ಬಗೆಯ ಕೋವಿ ಅಂತ ಲೈಸೆನ್ಸಿನಲ್ಲೇ ನಮೂದಾಗಿರುತ್ತದೆ. ಬದಲಾಯಿಸಬೇಕಾದರೆ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಆ ಕಾಗದ ಕೈಗೆ ಬರುವ ತನಕ ಯಾರಿಗೂ ಮುಂಗಡ ಕೊಡಬೇಡಿ. ಡೀಲರ್ "ಆಗ್ತದೆ, ಬರ್ತದೆ" ಅಂದರೂ ಕೊಡಬೇಡಿ.

ಇನ್ನೂ ಕೆಲವು ವಿಷಯ ಇಲ್ಲೇ ನೋಡಿಕೊಳ್ಳಿ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಜಾಸ್ತಿ ಕೋವಿ ಇರುವ ಹಾಗಿಲ್ಲ. ಲೈಸೆನ್ಸಿನ ಅವಧಿ ಈಗ 5 ವರ್ಷ. ನವೀಕರಣದ ತಾರೀಕು ಹತ್ತಿರ ಬಂದಿದ್ದರೆ ಮೊದಲು ಅದನ್ನು ಮುಗಿಸಿ.

ಅಪ್ಪನ ಹೆಸರಿನಲ್ಲಿ ಕೋವಿ ಇದ್ದರೆ 2016ರ ಶಸ್ತ್ರ ನಿಯಮಗಳಲ್ಲಿ ಒಂದು ದಾರಿ ಇದೆ. ಅವರಿಗೆ 70 ವರ್ಷ ತುಂಬಿದ್ದರೆ, ಅಥವಾ 25 ವರ್ಷದಿಂದ ಕೋವಿ ಅವರ ಬಳಿ ಇದ್ದರೆ, ಕಾನೂನುಬದ್ಧ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ತೀರಿಕೊಂಡ ಮೇಲೂ ಕೇಳಬಹುದು. ಆದರೆ "ಅಪ್ಪನದ್ದೇ ಅಲ್ವಾ" ಅಂತ ಅರ್ಜಿ ಹಾಕದೆ ಮಾಳಿಗೆಯ ಮೇಲೆ ಇಟ್ಟುಕೊಂಡರೆ ಅದು ಅಕ್ರಮ ಶಸ್ತ್ರವೇ. ಕೊಡಗಿನವರಿಗೆ ಇರುವ ವಿನಾಯಿತಿಯನ್ನು ನಮ್ಮ ಜಿಲ್ಲೆಯವರು ತಮಗೂ ಇದೆ ಅಂದುಕೊಳ್ಳುವುದುಂಟು. ಅದು ನಮಗೆ ಇಲ್ಲ.

ಕಾಡಿನ ಹತ್ತಿರದವರಿಗೆ ಇನ್ನೊಂದು ವಿಷಯ. ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸವಿದ್ದು ಕೋವಿ ಇಟ್ಟುಕೊಂಡವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಜೋಯಿಡಾ, ದಾಂಡೇಲಿಯವರು, ಅತ್ತಿವೇರಿ ಪಕ್ಷಿಧಾಮದ ಸುತ್ತಲಿನ ಮುಂಡಗೋಡದವರು ಇದನ್ನು ಮರೆಯಬಾರದು.

2. ಬೇಟೆ ಇಲ್ಲ

ಈ ರೈಫಲ್‌ಗಳನ್ನು ಬೇರೆ ದೇಶಗಳಲ್ಲಿ ಬೇಟೆಗೆ ಅಂತಲೇ ಮಾರುತ್ತಾರೆ. ನಮ್ಮಲ್ಲಿ ಬೇಟೆ ನಿಷಿದ್ಧ. ತೋಟಕ್ಕೆ ಬಂದ ಹಂದಿಯನ್ನು ಕೂಡ ಸುಮ್ನೆ ಹೊಡೆಯುವ ಹಾಗಿಲ್ಲ. ಬೆಳೆಗೆ ತೊಂದರೆ ಕೊಡುವ ಕೆಲವು ಪ್ರಾಣಿಗಳ ವಿಷಯದಲ್ಲಿ ಅಧಿಕಾರ ಇರುವ ಅಧಿಕಾರಿ ಕಾರಣ ಬರೆದು ಲಿಖಿತ ಆದೇಶ ಕೊಟ್ಟರೆ ಮಾತ್ರ ಅವಕಾಶ. ಜೀವಕ್ಕೇ ಅಪಾಯ ಬಂದಾಗ ಆತ್ಮರಕ್ಷಣೆಗೆ ಮಾಡಿದ್ದನ್ನು ಕಾನೂನು ಬೇರೆಯಾಗಿ ನೋಡುತ್ತದೆ. ಆದರೆ ಬಾಳೆಗೊನೆ ಉಳಿಸುವುದು ಆತ್ಮರಕ್ಷಣೆ ಅಲ್ಲ. ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಪ್ರಾಣಿಗೆ ಗುಂಡು ಹೊಡೆಯುವ ಹಕ್ಕು ಬರುವುದಿಲ್ಲ. ನಿಮ್ಮ ಉದ್ದೇಶ ಬರೀ ಹಂದಿ, ಮಂಗ ಓಡಿಸುವುದಾದರೆ ಈ ದುಡ್ಡನ್ನು ಸೋಲಾರ್ ಬೇಲಿಗೆ ಹಾಕಿ. ಮನಸ್ಸಿಟ್ಟು ಹೇಳುತ್ತಿದ್ದೇನೆ.

ಹಾಗಾದರೆ ಈ ಲೇಖನ ಯಾರಿಗೆ? ಕ್ಲಬ್ಬಿನಲ್ಲಿ ಗುರಿ ಅಭ್ಯಾಸ ಮಾಡುವವರಿಗೆ, ರೈಫಲ್ ಅಂತಲೇ ನಮೂದಾದ ಲೈಸೆನ್ಸ್ ಇರುವವರಿಗೆ, ಮನೆಯ ಹಳೆಯ ರೈಫಲ್ಲನ್ನು ವಾರಸಾಗಿ ಪಡೆದವರಿಗೆ.

3. ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಯೋಚಿಸಿ

12 ಬೋರಿನ ಚಿಕ್ಕ ಛರೆಗಳು, ಅಂದರೆ ತೋಟಾದೊಳಗಿನ ಸೀಸದ ಕಾಳುಗಳು, ಇನ್ನೂರು, ಮುನ್ನೂರು ಮೀಟರಿಗೆಲ್ಲ ಬಲ ಕಳೆದುಕೊಂಡು ಉದುರುತ್ತವೆ. ರೈಫಲ್ ಗುಂಡು ಹಾಗಲ್ಲ. ಪುಟ್ಟ .22 ಗುಂಡು ಕೂಡ ಒಂದು ಕಿಲೋಮೀಟರಿಗಿಂತ ದೂರ ಹೋಗಬಲ್ಲದು. .30-06 ಗುಂಡು ಮೂರು ಕಿಲೋಮೀಟರ್ ದಾಟಿಯೂ ಕೊಲ್ಲುವ ಶಕ್ತಿ ಇಟ್ಟುಕೊಂಡಿರುತ್ತದೆ.

ನಮ್ಮ ಊರುಗಳ ಮಾಟ ನೋಡಿ. ಕಣಿವೆಯಲ್ಲಿ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಬೆಟ್ಟದ ಆಚೆ ಇನ್ನೊಬ್ಬರ ಮನೆ. ಮರದ ಮರೆಯಲ್ಲಿ ಆ ಮನೆ ಕಾಣುವುದೇ ಇಲ್ಲ. ಸೊಪ್ಪಿಗೆ ಹೋದವರು, ಕೊನೆ ಕೊಯ್ಯಲು ಮರ ಹತ್ತಿದವರು ಎಲ್ಲಿದ್ದಾರೋ ಗೊತ್ತಾಗುವುದಿಲ್ಲ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಂತೂ ಮನೆಗೆ ಮನೆ ತಾಗಿಕೊಂಡಿವೆ, ನೆಲ ಸಪಾಟು, ಗುಂಡು ತಡೆಯಲು ಏನೂ ಇಲ್ಲ. ಗುರಿಯ ಹಿಂದೆ ಎತ್ತರದ ಮಣ್ಣಿನ ದರೆ ಇಲ್ಲದ ಜಾಗದಲ್ಲಿ ರೈಫಲ್ ಎತ್ತಲೇಬಾರದು. ಕಲ್ಲು ಬಂಡೆ, ನೀರಿನ ಮೇಲ್ಮೈ ಎರಡೂ ಗುಂಡನ್ನು ಸಿಡಿಸಿ ಬೇರೆ ದಿಕ್ಕಿಗೆ ಕಳಿಸುತ್ತವೆ.

ಇಷ್ಟು ಯೋಚಿಸಿದ ಮೇಲೆ "ನನಗೆ ಮನೆ ಕಾವಲಿಗೆ 12 ಬೋರೇ ಸಾಕು" ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ತಪ್ಪೇನಿಲ್ಲ.

4. ಕ್ಯಾಲಿಬರ್ ಆರಿಸುವುದು

ಕ್ಯಾಲಿಬರ್ ಅಂದರೆ ನಳಿಗೆಯ ಒಳ ಅಳತೆ. ನಾವು ಸಾಮಾನ್ಯವಾಗಿ ಹೇಳುವುದು ಇಂಚಿನ ಲೆಕ್ಕದಲ್ಲಿ. ಲೈಸೆನ್ಸ್ ಕಾಗದದಲ್ಲಿ ಎನ್‌ಪಿಬಿ ಅಂತ ಬರೆದಿದ್ದರೆ ಅದು ನಿಷೇಧಿತವಲ್ಲದ ಬೋರ್. ಸಾಮಾನ್ಯ ನಾಗರಿಕರಿಗೆ ಸಿಗುವುದು ಅದು ಮಾತ್ರ. ಸೈನ್ಯದಲ್ಲಿ ಹಿಂದೆ ಬಳಸುತ್ತಿದ್ದ .303, ಈಗಲೂ ಬಳಸುವ 7.62 ಇವೆಲ್ಲ ನಿಷೇಧಿತ ಬೋರ್. "ಹಳೇ .303 ಒಂದು ಅಗ್ಗಕ್ಕೆ ಸಿಗ್ತದೆ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಬಜೆಟ್ ನೋಡಿ ಕೊಳ್ಳುವವರ ಮುಂದೆ ಉಳಿಯುವುದು ಮುಖ್ಯವಾಗಿ ಮೂರು.

.22: ಗುರಿ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಒದೆತ ಇಲ್ಲವೇ ಇಲ್ಲ ಅನ್ನಬಹುದು. ಒದೆತ ಅಂದರೆ ಗುಂಡು ಹಾರಿದಾಗ ಕೋವಿ ಭುಜಕ್ಕೆ ಕೊಡುವ ಪೆಟ್ಟು. ಸದ್ದು ಕಮ್ಮಿ, ತೋಟಾ ಅಗ್ಗ. ಗುರಿ ಕಲಿಯಬೇಕು ಅನ್ನುವವರು ಮೊದಲು ಇದನ್ನೇ ಕೊಳ್ಳಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

.315: ನಮ್ಮಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ರೈಫಲ್ ಇದೇ. ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಒಳಗಿನ ಯಂತ್ರ ಹಳೆಯ ಲೀ ಎನ್‌ಫೀಲ್ಡ್ ಮಾದರಿಯದು. ಗುಂಡು ದಪ್ಪ, ಭಾರ, ವೇಗ ಅಷ್ಟೇನಿಲ್ಲ. ಹಾಗಾಗಿ 100 ಮೀಟರ್ ದಾಟಿದ ಮೇಲೆ ಬೇಗ ಕೆಳಗೆ ಬೀಳುತ್ತದೆ. ಗಟ್ಟಿಮುಟ್ಟು, ರಿಪೇರಿ ಗೊತ್ತಿರುವವರು ಸಿಗುತ್ತಾರೆ. ಎರಡನೇ ಕೈಯಲ್ಲೂ ಸಿಗುತ್ತದೆ.

.30-06: ಇದು ವೇಗದ, ದೂರದ ತೋಟಾ. ಒದೆತ ಜೋರು, ತೋಟಾ ದುಬಾರಿ. ಬಜೆಟ್ ಲೆಕ್ಕ ಹಾಕುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಕ್ಯಾಲಿಬರ್ ನಿರ್ಧಾರ ಮಾಡುವ ಮುಂಚೆ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ನಿಮಗೆ ಅನುಕೂಲವಾದ ಡೀಲರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಈ ತೋಟಾ ಈಗ ಸ್ಟಾಕ್ ಇದೆಯಾ, ದರ ಎಷ್ಟು? ರೈಫಲ್ ಒಂದು ಸಲದ ಖರ್ಚು, ತೋಟಾ ಪ್ರತಿ ಸಲದ್ದು. ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದು ಅಂತ ಲೈಸೆನ್ಸಿನಲ್ಲೇ ಇರುತ್ತದೆ, ಅದನ್ನೂ ನೋಡಿ.

5. ಹಳೆಯ ರೈಫಲ್ ಕೊಳ್ಳುವಾಗ

ಬಜೆಟ್‌ನಲ್ಲಿ ಕೊಳ್ಳುವವರು ಹೆಚ್ಚಾಗಿ ಬಂದು ನಿಲ್ಲುವುದು ಇಲ್ಲೇ. ಹಳೆಯದು ಕೊಳ್ಳಲು ಹೆದರಬೇಡಿ. ಚೆನ್ನಾಗಿ ಇಟ್ಟುಕೊಂಡ ಬೋಲ್ಟ್ ಆ್ಯಕ್ಷನ್ ಎರಡು ತಲೆಮಾರು ಬಾಳುತ್ತದೆ. ಆದರೆ ನಮ್ಮ ಮಳೆ, ನಮ್ಮ ಉಪ್ಪುಗಾಳಿ ಎಂಥ ರೈಫಲ್ಲನ್ನೂ ಒಳಗಿಂದಲೇ ತಿಂದುಹಾಕುತ್ತವೆ. ಹೊರಗೆ ಪಾಲಿಶ್ ಹೊಡೆದು ಮಿಂಚಿಸುವುದು ಸುಲಭ.

ಮೊದಲು ರೈಫಲ್ ಖಾಲಿ ಇದೆಯಾ ನೋಡಿ. ಮಾರುವವರು "ಖಾಲಿ" ಅಂದರೂ ನೀವೇ ಬೋಲ್ಟ್ ತೆರೆದು, ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಮ್ಯಾಗಝಿನ್, ಅಂದರೆ ತೋಟಾ ತುಂಬುವ ಡಬ್ಬಿ, ಕಳಚಿ ಪಕ್ಕಕ್ಕಿಡಿ.

ಆಮೇಲೆ ಬೋಲ್ಟ್ ಪೂರ್ತಿ ಹೊರಗೆ ತೆಗೆಯಿರಿ. ತೋಟಾ ಕೂರುವ ಜಾಗದಲ್ಲಿ ಒಂದು ಬಿಳಿ ಕಾಗದದ ಚೂರು ಇಟ್ಟು ಅದರ ಮೇಲೆ ಟಾರ್ಚ್ ಬಿಡಿ. ಈಗ ನಳಿಗೆಯ ತುದಿಯಿಂದ ಒಳಗೆ ನೋಡಿ. ಒಳ್ಳೆಯ ನಳಿಗೆಯಲ್ಲಿ ಸುರುಳಿ ಗೆರೆಗಳು ಅಂಚು ಚೂಪಾಗಿ, ಹೊಳೆಯುತ್ತಾ, ತುದಿಯವರೆಗೂ ಒಂದೇ ಸಮನೆ ಸುತ್ತಿಕೊಂಡು ಹೋಗುತ್ತವೆ. ಅಲ್ಲಲ್ಲಿ ಕಪ್ಪು ಚುಕ್ಕೆ, ಸಣ್ಣ ಸಣ್ಣ ಗುಳಿ ಕಂಡರೆ ಅದು ತುಕ್ಕು ತಿಂದ ಗುರುತು. ನಾಲ್ಕಾರು ಚುಕ್ಕೆ ಇದ್ದರೆ ಬೆಲೆ ಇಳಿಸಿ ಕೇಳಬಹುದು. ಗೆರೆಗಳೇ ಮಸುಕಾಗಿದ್ದರೆ ಬೇಡ. ನಡುವೆ ಎಲ್ಲಾದರೂ ಬಳೆಯ ಹಾಗೆ ಒಂದು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಅಂತ ಅರ್ಥ. ಅದನ್ನು ಪುಕ್ಕಟೆ ಕೊಟ್ಟರೂ ಬೇಡ.

ನಳಿಗೆಯ ತುದಿಯ ಅಂಚನ್ನು ಉಗುರಿನಿಂದ ಸವರಿ. ಗುಂಡು ಕೊನೆಯದಾಗಿ ಮುಟ್ಟಿ ಹೋಗುವ ಜಾಗ ಅದು. ಒಂದು ಕಡೆ ನೆಗ್ಗಿದ್ದರೆ, ಸವೆದಿದ್ದರೆ ಗುರಿ ಚೆದುರುತ್ತದೆ. ಎಷ್ಟು ಒಳ್ಳೆಯ ಸ್ಕೋಪ್ ಹಾಕಿದರೂ ಅದು ಸರಿಯಾಗುವುದಿಲ್ಲ.

ಬೋಲ್ಟಿನ ಮೇಲಿನ ನಂಬರು, ರೈಫಲ್ ಮೈಮೇಲಿನ ನಂಬರು ಎರಡೂ ಒಂದೇ ಇರಬೇಕು. ಬೇರೆ ಇದ್ದರೆ ಬೋಲ್ಟ್ ಬದಲಾಗಿದೆ. ಬದಲಾದ ಬೋಲ್ಟಿನಲ್ಲಿ ತೋಟಾದ ಹಿಂದಿನ ಸಂದು ಹೆಚ್ಚು ಕಮ್ಮಿಯಾಗಿ ತೋಟಾ ಒಡೆಯುವ ಅಪಾಯ ಇದೆ. ಲೈಸೆನ್ಸ್ ಇರುವ ಗನ್‌ಸ್ಮಿತ್, ಅಂದರೆ ಕೋವಿ ರಿಪೇರಿಯವರು, ಆ ಸಂದು ಅಳೆಯುವ ಗೇಜ್ ಹಾಕಿ ನೋಡಿ ಸರಿ ಅಂದ ಮೇಲೆ ಮಾತ್ರ ಮುಂದಿನ ಮಾತು. ಅದೇ ನಂಬರು ಮಾರುವವರ ಲೈಸೆನ್ಸಿನಲ್ಲೂ ಇದೆಯಾ ನೋಡಿ. ನಂಬರು ಉಜ್ಜಿದ, ಮತ್ತೆ ಕೊರೆದ ಗುರುತಿದ್ದರೆ ಕೈಯಿಂದ ಕೆಳಗಿಟ್ಟು ಬನ್ನಿ.

ಮರದ ಭಾಗವನ್ನು ಬೋಲ್ಟಿನ ಹಿಂದೆ, ಕೈ ಹಿಡಿಯುವ ಕಡೆ ಚೆನ್ನಾಗಿ ನೋಡಿ. ಬಿರುಕು ಶುರುವಾಗುವುದು ಅಲ್ಲೇ. ಮುಂದಿನ ಮರ ಎಣ್ಣೆ ಕುಡಿದು ಮೆತ್ತಗಾಗಿದ್ದರೆ, ಮಳೆಗೆ ಊದಿ ನಳಿಗೆಯನ್ನು ಒಂದು ಕಡೆಗೆ ಒತ್ತುತ್ತಿದ್ದರೆ, ಗುರಿ ಬೇಸಿಗೆಗೊಂದು ಮಳೆಗಾಲಕ್ಕೊಂದು ಆಗುತ್ತದೆ. ಎನ್‌ಫೀಲ್ಡ್ ಮಾದರಿಯಲ್ಲಿ ಈ ಕಾಯಿಲೆ ಸಾಮಾನ್ಯ.

ಎರಡು ಸಂಗತಿಯನ್ನು ದೋಷ ಅಂದುಕೊಳ್ಳಬೇಡಿ. .315ರ ಬೋಲ್ಟ್ ಮುಂದಕ್ಕೆ ತಳ್ಳುವಾಗ ಕೊನೆಯಲ್ಲಿ ಬಿಗಿ ಅನ್ನಿಸುತ್ತದೆ. ಒಳಗಿನ ಸ್ಪ್ರಿಂಗ್ ಆಗಲೇ ಎಳೆದುಕೊಳ್ಳುವುದು, ಅದರ ರಚನೆಯೇ ಹಾಗೆ. ಟ್ರಿಗರ್ ಕೂಡ ಮೊದಲು ಸ್ವಲ್ಪ ಸಡಿಲವಾಗಿ ಬಂದು, ಒಂದು ಕಡೆ ತಡೆದು, ಆಮೇಲೆ ಬಿಡುತ್ತದೆ. ಆದರೆ ತಡೆಯದೆ ಒಂದೇ ಏಟಿಗೆ ಬಿಟ್ಟರೆ, ಅಥವಾ ಬೋಲ್ಟನ್ನು ಜೋರಾಗಿ ಮುಚ್ಚಿದಾಗ ತಾನೇ ಬಿಟ್ಟುಕೊಂಡರೆ, ಅದು ನಿಜವಾದ ಅಪಾಯ.

.315 ತೋಟಾದ ಬುಡದಲ್ಲಿ ಅಂಚು ಹೊರಚಾಚಿದೆ. ಮ್ಯಾಗಝಿನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನ ತೋಟಾದ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಬೋಲ್ಟ್ ತಳ್ಳಿದಾಗ ಎರಡೂ ಸಿಕ್ಕಿಕೊಂಡು ರೈಫಲ್ ನಿಂತುಬಿಡುತ್ತದೆ. "ರೈಫಲ್ ಕೆಟ್ಟಿದೆ" ಅಂತ ಅಗ್ಗಕ್ಕೆ ಮಾರಲು ಬಂದವುಗಳಲ್ಲಿ ಇಷ್ಟೇ ತೊಂದರೆ ಇರುವುದೂ ಉಂಟು. ಡೀಲರ್ ಹತ್ತಿರ ಡಮ್ಮಿ ತೋಟಾ, ಅಂದರೆ ಮದ್ದಿಲ್ಲದ ನಕಲಿ ತೋಟಾ, ಕೇಳಿ ಹಾಕಿ ನೋಡಿ. ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ನಿಜವಾದ ತೋಟಾ ಹಾಕಿ ಪರೀಕ್ಷೆ ಮಾಡಲೇಬಾರದು.

ಇನ್ನು ಕಾಗದ. ಖಾಸಗಿಯವರಿಂದ ಕೊಳ್ಳುವುದಾದರೆ ಮಾರುವವರು ಜಿಲ್ಲಾಧಿಕಾರಿಗೆ ಇಲ್ಲವೇ ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗೆ ಬರೆದು ತಿಳಿಸಿ, 45 ದಿನ ಕಳೆಯಬೇಕು. ಅದಕ್ಕೂ ಮೊದಲು ಕೈ ಬದಲಾಯಿಸಿದರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಡೀಲರ್ ಮೂಲಕ ಹೋದರೆ ಸ್ವಲ್ಪ ಖರ್ಚು ಜಾಸ್ತಿ, ತಲೆಬಿಸಿ ಕಮ್ಮಿ. ಕೊಂಡ ಮೇಲೆ ಲೈಸೆನ್ಸಿನಲ್ಲಿ ರೈಫಲ್ ನಂಬರು ನಮೂದಾಗಿದೆ ಅನ್ನುವುದನ್ನು ಕಣ್ಣಾರೆ ನೋಡಿಯೇ ಬನ್ನಿ.

6. ಸ್ಕೋಪಿಗಿಂತ ಮೊದಲು ಮೌಂಟ್

ಮೌಂಟ್ ಅಂದರೆ ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ತಳ ಮತ್ತು ಎರಡು ಬಳೆಗಳು. ಇದು ಕೂದಲೆಳೆಯಷ್ಟು ಅಲುಗಾಡಿದರೂ 100 ಮೀಟರಿನಲ್ಲಿ ಗುಂಡು ನಾಲ್ಕು ಬೆರಳು ಆಚೆ ಬೀಳುತ್ತದೆ. ಅಗ್ಗದ ಅಲ್ಯೂಮಿನಿಯಂ ಬಳೆಗಳು .22ಕ್ಕೆ ನಡೆದಾವು. .315ರ ಒದೆತಕ್ಕೆ ತಡೆಯುವುದಿಲ್ಲ. ಅಲ್ಲಿ ಉಕ್ಕಿನ ತಳ, ಉಕ್ಕಿನ ಬಳೆ ಬೇಕು.

.22 ರೈಫಲ್‌ಗಳಲ್ಲಿ ಹೆಚ್ಚಾಗಿ ಮೇಲ್ಗಡೆ ಮೊದಲೇ ಕೊರೆದ ಗಾಡಿ, ಅಂದರೆ ಉದ್ದನೆಯ ಸೀಳು, ಇರುತ್ತದೆ, ಬಳೆ ಕೂರಿಸಿ ಬಿಗಿ ಮಾಡಿದರೆ ಆಯಿತು. .315ರ ಮಾತೇ ಬೇರೆ. ಅದು ಕಬ್ಬಿಣದ ಸೈಟಿಗೆ, ಅಂದರೆ ನಳಿಗೆಯ ಮೇಲಿರುವ ಮುಂದಿನ ಮೊನೆ ಮತ್ತು ಹಿಂದಿನ ಕಂಡಿಗೆ, ಅಂತ ಮಾಡಿದ ರೈಫಲ್. ಸ್ಕೋಪ್ ಕೂರಿಸಲು ಮೈಯಲ್ಲಿ ತೂತು ಕೊರೆದು ತಿರುಪು ಕೂರುವ ಸುತ್ತು ಹಾಕಬೇಕಾಗುತ್ತದೆ. ಇದನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್ ಮಾತ್ರ ಮಾಡಬೇಕು. ಊರಿನ ಲೇತ್ ವರ್ಕ್‌ಶಾಪಿನಲ್ಲಿ "ಎರಡು ತೂತು ತಾನೇ" ಅಂತ ಕೊರೆಸಬೇಡಿ. ಅದು ಕಾನೂನಿಗೂ ವಿರುದ್ಧ, ತೂತು ಒಂದು ಕೂದಲು ಓರೆಯಾದರೆ ರೈಫಲ್ಲೂ ಹಾಳು. ಕೆಲಸಕ್ಕೆ ಕೊಡುವ ಮುಂಚೆ ರಸೀದಿ ತಗೊಳ್ಳಿ.

ಗನ್‌ಸ್ಮಿತ್ ಖರ್ಚು, ಮೌಂಟಿನ ಖರ್ಚು ಎಲ್ಲ ಸೇರಿಸಿದರೆ .315ಕ್ಕೆ ಸ್ಕೋಪ್ ಹಾಕುವುದು ದುಬಾರಿಯೇ. 50 ಮೀಟರಿನ ಒಳಗಿನ ಗುರಿಗೆ ಅದರ ಕಬ್ಬಿಣದ ಸೈಟೇ ಸಾಕು. ದೃಷ್ಟಿ ಚೆನ್ನಾಗಿರುವವರು ಮೊದಲು ಒಂದು ವರ್ಷ ಹಾಗೇ ಅಭ್ಯಾಸ ಮಾಡಿ. ಚಾಳೀಸು ಬಂದು ಹಿಂದಿನ ಕಂಡಿ ಮಸುಕಾಗುತ್ತಿದ್ದರೆ ಮಾತ್ರ ಸ್ಕೋಪಿಗೆ ನಿಜವಾದ ಕಾರಣ ಇದೆ.

7. ಸ್ಕೋಪ್

ಪೆಟ್ಟಿಗೆಯ ಮೇಲೆ 3-9x40 ಅಂತ ಇದ್ದರೆ, ನೋಟವನ್ನು 3ರಿಂದ 9 ಪಟ್ಟು ದೊಡ್ಡದು ಮಾಡಬಹುದು, ಮುಂದಿನ ಗಾಜಿನ ಅಗಲ 40 ಮಿಲಿಮೀಟರ್ ಅಂತ ಅರ್ಥ. 4x32 ಅಂದರೆ ಯಾವಾಗಲೂ 4 ಪಟ್ಟು, 32 ಮಿಲಿಮೀಟರ್ ಗಾಜು.

ಆನ್‌ಲೈನಿನಲ್ಲಿ 6-24x50 ಅಂತ, ಮೇಲೊಂದು ಲೇಸರ್, ಕೆಂಪು ಹಸಿರು ದೀಪ ಎಲ್ಲ ಸೇರಿಸಿ ಅಗ್ಗಕ್ಕೆ ಮಾರುತ್ತಾರೆ. ಬೇಡವೇ ಬೇಡ. ಅಷ್ಟು ಬೆಲೆಗೆ ಅಷ್ಟು ಪಟ್ಟು ಕೊಡುವ ಒಳ್ಳೆಯ ಗಾಜು ಬರುವುದಿಲ್ಲ. 24 ಪಟ್ಟಿನಲ್ಲಿ ಚಿತ್ರ ಮಬ್ಬು, ಕೈ ನಡುಕವೂ 24 ಪಟ್ಟು. ನಾಲ್ಕು ಗುಂಡಿನ ಒದೆತಕ್ಕೆ ಸ್ಕೋಪಿನ ಒಳಗಿನ ಗುರಿ ತೋರಿಸುವ ಗೆರೆ ಸಡಿಲಾಗುತ್ತದೆ.

ಲೆಕ್ಕ ನೋಡಿ. 3-9x40ರಲ್ಲಿ 3 ಪಟ್ಟು ಇಟ್ಟರೆ 100 ಮೀಟರ್ ದೂರದಲ್ಲಿ ಸುಮಾರು 12 ಮೀಟರ್ ಅಗಲ ಕಾಣುತ್ತದೆ. 9 ಪಟ್ಟು ಇಟ್ಟರೆ 4 ಮೀಟರ್ ಚಿಲ್ಲರೆ. ಗುರಿಯ ಅಕ್ಕಪಕ್ಕ ಯಾರಿದ್ದಾರೆ, ಹಿಂದೆ ಏನಿದೆ ಅಂತ ಗೊತ್ತಾಗುವುದು ಅಗಲ ಕಂಡಾಗಲೇ. ಬೆಳಕಿನದ್ದೂ ಹಾಗೆಯೇ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಳತೆ ಸಿಗುತ್ತದೆ. 32ನ್ನು 4ರಿಂದ ಭಾಗಿಸಿದರೆ 8 ಮಿಲಿಮೀಟರ್, ಮೋಡ ಕವಿದ ದಿನಕ್ಕೂ ಧಾರಾಳ. 50ನ್ನು 24ರಿಂದ ಭಾಗಿಸಿದರೆ 2 ಮಿಲಿಮೀಟರ್ ಚಿಲ್ಲರೆ, ಮೋಡದ ದಿನ ಕತ್ತಲೆ ಕತ್ತಲೆ.

ನನ್ನ ಆಯ್ಕೆ ಸರಳ. .315ಕ್ಕೆ ಒಳ್ಳೆಯ ಕಂಪನಿಯ 4x32. .22ಕ್ಕೆ 3-9x40. ಅದೇ ಬೆಲೆಯಲ್ಲಿ ಪಟ್ಟು ಬದಲಾಗದ ಸ್ಕೋಪಿನ ಗಾಜು ಹೆಚ್ಚಾಗಿ ಉತ್ತಮವಾಗಿರುತ್ತದೆ, ಕೆಡಲು ಒಳಗೆ ಬಿಡಿಭಾಗವೂ ಕಮ್ಮಿ.

ಕೊಳ್ಳುವಾಗ ಕೇಳಬೇಕಾದ್ದು ಮೂರು. ಒಂದು, ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿದ್ದಾರಾ. ಈ ಒಣ ಅನಿಲ ಇದ್ದರೆ ಒಳಗೆ ಮಂಜು ಕಟ್ಟುವುದಿಲ್ಲ. ಆಷಾಢದ ಶಿರಸಿಯಲ್ಲಿ ಇದು ಇಲ್ಲದ ಸ್ಕೋಪ್ ಎರಡೇ ವರ್ಷದಲ್ಲಿ ಬೂಷ್ಟು ಹಿಡಿಯಬಹುದು. ಎರಡು, ಕಣ್ಣಿಗೂ ಸ್ಕೋಪಿಗೂ ನಡುವಿನ ದೂರ. .315ಕ್ಕೆ ಕನಿಷ್ಠ 9 ಸೆಂಟಿಮೀಟರ್ ಇರಲಿ. ಕಮ್ಮಿ ಇದ್ದರೆ ಒದೆತಕ್ಕೆ ಸ್ಕೋಪಿನ ಅಂಚು ಹುಬ್ಬನ್ನು ಸೀಳುತ್ತದೆ. ಮೂರು, ಪ್ಯಾರಾಲಾಕ್ಸ್. ಅಂದರೆ ಕಣ್ಣು ಆಚೀಚೆ ಸರಿದಾಗ ಒಳಗಿನ ಕೂಡುಗೆರೆ ಗುರಿಯ ಮೇಲೆ ಸರಿದಂತೆ ಕಾಣುವ ದೋಷ. .22ಕ್ಕೆ ಮಾಡಿದ ಸ್ಕೋಪಿನಲ್ಲಿ ಅದನ್ನು ಸುಮಾರು 50 ಗಜಕ್ಕೆ, ದೊಡ್ಡ ರೈಫಲ್ಲಿನದರಲ್ಲಿ 100 ಗಜಕ್ಕೆ ಸರಿಮಾಡಿರುತ್ತಾರೆ. ಯಾವುದಕ್ಕೆ ಕೊಳ್ಳುತ್ತಿದ್ದೀರೋ ಅದರದ್ದನ್ನೇ ಕೊಳ್ಳಿ.

8. ಝೀರೋ ಮಾಡುವುದು

ಸ್ಕೋಪಿನ ಗೆರೆ ತೋರಿಸುವ ಜಾಗಕ್ಕೇ ಗುಂಡು ಬೀಳುವ ಹಾಗೆ ಹೊಂದಿಸುವುದಕ್ಕೆ ಝೀರೋ ಮಾಡುವುದು ಅನ್ನುತ್ತಾರೆ. ಇದನ್ನು ತೋಟದಲ್ಲಿ, ಬೆಟ್ಟದಲ್ಲಿ, ಸಮುದ್ರದ ಕಡೆಗೆ ತಿರುಗಿ ಮಾಡುವ ಹಾಗಿಲ್ಲ. ಮಾನ್ಯತೆ ಇರುವ ಶೂಟಿಂಗ್ ರೇಂಜಿಗೇ ಹೋಗಬೇಕು. ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ನಡೆಸುತ್ತದೆ. ಠಾಣೆಯಲ್ಲಿ ವಿಚಾರಿಸಿ, ಮುಂದಿನ ಶಿಬಿರಕ್ಕೆ ಹೆಸರು ಕೊಡಿ. ಹೊಸಬರು ರೈಫಲ್ ಕೊಳ್ಳುವ ಮುಂಚೆಯೇ ಇದಕ್ಕೆ ಹೋದರೆ ಇನ್ನೂ ಒಳ್ಳೆಯದು.

ರೇಂಜಿನಲ್ಲಿ ಮೊದಲು ಬೋಲ್ಟ್ ತೆಗೆದು, ರೈಫಲ್ಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು, ನಳಿಗೆಯ ಹಿಂದಿನಿಂದ ಒಳಗೆ ನೋಡಿ 25 ಮೀಟರಿನ ಗುರಿಯನ್ನು ನಳಿಗೆಯ ನಡುವಿಗೆ ತನ್ನಿ. ರೈಫಲ್ ಅಲುಗಿಸದೆ ಸ್ಕೋಪಿನ ಗುಬುಟು ತಿರುಗಿಸಿ ಗೆರೆಯನ್ನೂ ಅಲ್ಲಿಗೇ ತನ್ನಿ. ಇಷ್ಟಕ್ಕೇ ಹತ್ತಾರು ತೋಟಾ ಉಳಿಯುತ್ತದೆ.

ಈಗ 25 ಮೀಟರಿನಲ್ಲಿ ಮೂರು ಗುಂಡು ಹೊಡೆಯಿರಿ. ಒಂದೊಂದಕ್ಕೂ ಗುಬುಟು ತಿರುಗಿಸುತ್ತಾ ಹೋಗಬೇಡಿ, ಹೆಚ್ಚಿನವರು ತೋಟಾ ಹಾಳುಮಾಡುವುದು ಹೀಗೇ. ಮೂರರ ನಡುವಿನ ಜಾಗ ಹಿಡಿದು ಅಳೆಯಿರಿ. ಸಾಮಾನ್ಯ ಸ್ಕೋಪಿನಲ್ಲಿ ಗುಬುಟು ಒಂದು ಸಲ 'ಟಿಕ್' ಅಂದರೆ 100 ಮೀಟರಿನಲ್ಲಿ ಗುಂಡು ಸುಮಾರು 7 ಮಿಲಿಮೀಟರ್ ಸರಿಯುತ್ತದೆ. 25 ಮೀಟರಿನಲ್ಲಿ ಅದರ ಕಾಲು ಭಾಗ, ಸುಮಾರು 1.8 ಮಿಲಿಮೀಟರ್. ಗುಂಡುಗಳು 5 ಸೆಂಟಿಮೀಟರ್ ಎಡಕ್ಕೆ ಬಿದ್ದಿದ್ದರೆ 50ನ್ನು 1.8ರಿಂದ ಭಾಗಿಸಿ, 28 ಟಿಕ್ ಬಲಕ್ಕೆ. ಮತ್ತೆ ಮೂರು ಗುಂಡು.

.315ರಲ್ಲಿ 25 ಮೀಟರಿಗೆ ನಡುವಿಗೆ ತಂದರೆ 100 ಮೀಟರಿನಲ್ಲೂ ಹತ್ತಿರ ಹತ್ತಿರ ಬೀಳುತ್ತದೆ. ಆದರೂ 100 ಮೀಟರಿಗೆ ಹೋಗಿ ಹೊಡೆದು ನೋಡದೆ ಮುಗಿಯಿತು ಅನ್ನಬೇಡಿ. .22ಕ್ಕೆ 50 ಮೀಟರಿನ ಝೀರೋ ಸಾಕು. ನಳಿಗೆ ಬಿಸಿಯಾದರೆ ಆರಲು ಬಿಡಿ. ಕಿವಿಗೆ ರಕ್ಷಣೆ ಇಲ್ಲದೆ ಒಂದು ಗುಂಡೂ ಬೇಡ, ಕೆಟ್ಟ ಕಿವಿ ಮತ್ತೆ ಸರಿಹೋಗುವುದಿಲ್ಲ.

ಗುಂಡುಗಳು ಮೂರು ದಿಕ್ಕಿಗೆ ಚೆದುರುತ್ತಿದ್ದರೆ ಸ್ಕೋಪನ್ನು ಬೈಯುವ ಮೊದಲು ಮೌಂಟಿನ ತಿರುಪು, ರೈಫಲ್ ಮರದ ತಿರುಪು ಎರಡನ್ನೂ ನೋಡಿ.

9. ಮಳೆಗಾಲ, ಉಪ್ಪುಗಾಳಿ, ಚುನಾವಣೆ

ಜೂನ್‌ನಿಂದ ಸೆಪ್ಟೆಂಬರ್ ತನಕ ರೈಫಲ್ಲನ್ನು ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ, ಬಟ್ಟೆ ಎರಡೂ ತೇವ ಹೀರಿ ಕಬ್ಬಿಣಕ್ಕೆ ಕೊಡುತ್ತವೆ. ಬೀಗ ಇರುವ ಕಪಾಟಿನಲ್ಲಿ, ಗೋಡೆಗೆ ತಾಗದ ಹಾಗೆ ನಿಲ್ಲಿಸಿ, ಒಳಗೆ ಸಿಲಿಕಾ ಜೆಲ್ ಇಡಿ. ತೇವ ಹೀರುವ ಹರಳು ಅದು. ಬಣ್ಣ ಬದಲಾಯಿಸುವ ಜಾತಿಯದು ತಂದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಅಂತ ತಾನೇ ತೋರಿಸುತ್ತದೆ. ಘಟ್ಟದ ಮೇಲೆ ವಾರಕ್ಕೊಮ್ಮೆ, ಸಮುದ್ರದ ಹತ್ತಿರ ಇನ್ನೂ ಬೇಗ ಬೇಗ ಹೊರಗಿನ ಲೋಹವನ್ನು ಗನ್ ಆಯಿಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ತೆಂಗಿನೆಣ್ಣೆ ಹಚ್ಚಬೇಡಿ, ಅದು ಅಂಟಾಗಿ ಬೋಲ್ಟನ್ನೇ ಹಿಡಿದುಬಿಡುತ್ತದೆ.

ಸ್ಕೋಪಿನ ಗಾಜನ್ನು ಪಂಚೆಯ ತುದಿಯಿಂದ ಒರೆಸುವ ಅಭ್ಯಾಸ ಬಿಡಿ. ಮೊದಲು ಧೂಳು ಊದಿ, ಆಮೇಲೆ ಲೆನ್ಸ್ ಬಟ್ಟೆಯಿಂದ ಮೆಲ್ಲಗೆ. ಉಪ್ಪು ಹನಿ ಕೂತಿದ್ದರೆ ಒಣಬಟ್ಟೆ ಗೀರು ಹಾಕುತ್ತದೆ, ಬಟ್ಟೆಯನ್ನು ಶುದ್ಧ ನೀರಿನಲ್ಲಿ ಚೂರು ನೆನೆಸಿಕೊಳ್ಳಿ.

ಹೊಡೆಯುವ ಮುನ್ನ ನಳಿಗೆಯ ಒಳಗಿನ ಎಣ್ಣೆಯನ್ನು ಪೂರ್ತಿ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಕುಂಬಾರ ಹುಳ ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟುವುದು ನಮ್ಮ ಕಡೆ ಅಪರೂಪವೇನಲ್ಲ. ಅದನ್ನು ನೋಡದೆ ಗುಂಡು ಹಾರಿಸಿದರೆ ನಳಿಗೆ ಸಿಡಿದು ಕೈ, ಕಣ್ಣು ಹೋಗುತ್ತದೆ.

ಬೋಲ್ಟನ್ನು ರೈಫಲ್ಲಿನಿಂದ ತೆಗೆದು ಬೇರೆ ಬೀಗದಲ್ಲಿ ಇಡಿ, ತೋಟಾ ಇನ್ನೊಂದು ಬೀಗದಲ್ಲಿ. ಮನೆಯಲ್ಲಿ ಮಕ್ಕಳಿದ್ದರೂ ಸರಿ, ಇಲ್ಲದಿದ್ದರೂ ಸರಿ. ಬೋಲ್ಟ್ ಆ್ಯಕ್ಷನ್ನಿನ ದೊಡ್ಡ ಅನುಕೂಲ ಇದು, ಒಂದು ಭಾಗ ತೆಗೆದಿಟ್ಟರೆ ಉಳಿದದ್ದು ಬರೀ ಕಬ್ಬಿಣದ ಕೊಳವೆ.

ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಲು ಹೇಳುತ್ತಾರೆ. ಕೊಡುವ ಮುನ್ನ ಒಳಗೂ ಹೊರಗೂ ಚೆನ್ನಾಗಿ ಎಣ್ಣೆ ಹಚ್ಚಿ, ಸ್ಕೋಪಿಗೆ ಎರಡೂ ಕಡೆ ಮುಚ್ಚಳ ಹಾಕಿ, ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದುಕೊಳ್ಳಿ. ರಸೀದಿಯಲ್ಲಿ ರೈಫಲ್ ನಂಬರಿನ ಜೊತೆ "ಸ್ಕೋಪ್ ಸಹಿತ" ಅಂತಲೂ ಬರೆಸಿಕೊಳ್ಳಿ. ವಾಪಸ್ ತಂದ ಮೇಲೆ ಎಣ್ಣೆ ಒರೆಸಿ, ಮೌಂಟಿನ ತಿರುಪು ನೋಡಿ, ರೇಂಜಿನಲ್ಲಿ ಇನ್ನೊಮ್ಮೆ ಮೂರು ಗುಂಡು ಹೊಡೆದು ಝೀರೋ ಸರಿ ಇದೆಯಾ ಪರೀಕ್ಷಿಸಿ. ಕಪಾಟಿನಿಂದ ಕಪಾಟಿಗೆ ಹೋಗಿ ಬರುವಷ್ಟರಲ್ಲಿ ಎಲ್ಲಾದರೂ ಬಡಿದಿದ್ದರೆ ಅದು ಗೊತ್ತಾಗುವುದು ಕಾಗದದ ಗುರಿಯ ಮೇಲೆ ಮಾತ್ರ.